ಹೊಲ ಮಾರುವ ಮುನ್ನ ದಾಖಲೆ ಕೂಡಿಸಿರಿ

ಒಕ್ಕಲುತನದ ಪುಟದಲ್ಲಿ ಕಾಲೇಜಿನ ಫೀ ಮಾತೇಕೆ ಎಂದು ಕೆಲವು ಓದುಗರು ಕೇಳಬಹುದು. ಕೇಳುವದು ಸಹಜ. ಆದರೆ ನಮ್ಮ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಹೊಲ ಕೈಬಿಟ್ಟು ಹೋಗುವ ಕಾರಣಗಳನ್ನು ಒಂದೊಂದಾಗಿ ಎಣಿಸಿ ನೋಡಿರಿ. ಮೊದಲು ಬರಗಾಲ, ಆಮೇಲೆ ಮದುವೆ, ಆಮೇಲೆ ದವಾಖಾನೆ. ಈಗ ಅವುಗಳ ಸಾಲಿನಲ್ಲಿ ಮಕ್ಕಳ ಮೇಲಿನ ಓದೂ ಬಂದು ನಿಂತಿದೆ. ಮಗ ಅಥವಾ ಮಗಳು ಹನ್ನೆರಡನೆಯ ಇಯತ್ತೆ ಪಾಸಾದರೆ ಮನೆಯಲ್ಲಿ ಸಂತೋಷ, ಮರುದಿನವೇ ಚಿಂತೆ. ಹೊಲದ ಮೇಲೆ ಕಣ್ಣಿಟ್ಟವರಿಗೆ ಈ ಚಿಂತೆಯ ಸುದ್ದಿ ಬೇಗನೆ ಮುಟ್ಟುವದು. ಆದುದರಿಂದ ಈ ವಿಷಯವು ಬೀಜ, ಗೊಬ್ಬರದ ವಿಷಯದಷ್ಟೇ ನಮ್ಮದು.

ಕೆರೆಯ ಬದಿಯ ಎರಡು ಎಕರೆ

2025ರ ಆಷಾಢದ ಒಂದು ಸಂಜೆ ನಮ್ಮ ನೆರೆಹೊಲದ ಕಾಕಾ ಮನೆಗೆ ಬಂದರು. ಚಹಾ ಮುಂದಿಟ್ಟರೂ ಮುಟ್ಟಲಿಲ್ಲ.

"ಮಾಸ್ತರ, ಮಗಳು ಸಿಇಟಿಯೊಳಗ ಚಲೋ ಮಾರ್ಕ್ಸ ತಗೊಂಡಾಳ್ರಿ. ಇಂಜಿನಿಯರಿಂಗ್ ಓದತೀನಂತಾಳ. ಕರ್ನಾಟಕದ ಕಡೆ ಒಂದು ಕಾಲೇಜಿನಾಗ ಸೀಟ ಕೊಡಸ್ತೀನಂತ ಏಜೆಂಟ ಫೋನ ಮಾಡ್ಯಾನ. ಕೆರಿ ಬದಿ ಎರಡ ಎಕರೆ ಕೊಟ್ಟಬಿಡೂಣಂತ ಮಾಡೇನಿ," ಎಂದರು.

"ಇಸಾರ ತಗೊಂಡೀರೇನ್ರಿ, ಕಾಕಾ?"

"ಇನ್ನೂ ಇಲ್ಲ. ಸೋಮವಾರ ಕೊಡ್ತಾರಂತ."

"ಉತ್ಪನ್ನದ ದಾಖಲೆ ತಗಿಸೀರೇನ್ರಿ?"

"ಅದ್ಯಾತಕ್ಕರಿ?"

ಆ ಕೊನೆಯ ಒಂದು ಮಾತಿನ ಸಲುವಾಗಿ ಈ ಲೇಖನ ಬರೆಯಬೇಕಾಯಿತು. ಎರಡು ಎಕರೆ ಎರಿ ಹೊಲ ಮಾರಲು ಸಿದ್ಧವಾದ ಹಿರಿಯರು ತಹಸೀಲ್ದಾರ ಕಚೇರಿಯ ಒಂದು ಕಾಗದ ತೆಗೆಸಿರಲಿಲ್ಲ. ಆ ಕಾಗದದಿಂದ ಮಗಳ ಕಲಿಕೆಯ ಫೀ ಪೂರ್ತಿ ಉಳಿಯಬಹುದಾಗಿತ್ತು. ತಪ್ಪು ಅವರದಲ್ಲ. ಹೊಲ ಮಾರುವ ದಾರಿ ಊರಿನ ಎಲ್ಲರಿಗೂ ಗೊತ್ತು. ವಿದ್ಯಾರ್ಥಿವೇತನದ ದಾರಿ ಹೇಳುವವರು ಕಡಿಮೆ.

ಹಿಂದಿನವರು ಹೇಗೆ ಓದಿದರು?

ಬಡವರ ಮಕ್ಕಳು ಇನ್ನೊಬ್ಬರ ಆಸರೆಯಿಂದ ಓದುವದು ನಮ್ಮ ಭಾಗಕ್ಕೆ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಉಂಡು ಓದಿದವರು ಬಹಳ. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಮುಂದೆ ಜೈನ, ಮರಾಠಾ, ಮುಸಲ್ಮಾನ, ಲಿಂಗಾಯತ ಮೊದಲಾದ ಸಮಾಜಗಳ ಹುಡುಗರಿಗೆ ವಸತಿಗೃಹಗಳಾಗಲು ನೆರವು ಕೊಟ್ಟರು. ಹಳ್ಳಿಯ ಹುಡುಗನಿಗೆ ಶಹರದಲ್ಲಿ ಒಂದು ಮೂಲೆ, ಎರಡು ಹೊತ್ತಿನ ಊಟ ಸಿಕ್ಕರೆ ಅರ್ಧ ಓದು ಮುಗಿದಂತೆ ಎಂಬುದನ್ನು ಅವರು ಅರಿತಿದ್ದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವೂರಾವ ಪಾಟೀಲರು ದುಡಿದು ಕಲಿಯುವ ಮಾರ್ಗ ತೋರಿಸಿದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉಂಡು ಓದಿದವರಿಗೆ ಲೆಕ್ಕವಿಲ್ಲ.

ಅವರಾರೂ ಇದಕ್ಕೆ ನಾಚಲಿಲ್ಲ. "ಸರಕಾರದ ದುಡ್ಡಿನಾಗ ಓದಸೂದಂದ್ರ ಮಂದಿ ಏನಂದಾರು?" ಎಂದು ಇಂದಿಗೂ ಕೆಲವು ಪಾಲಕರು ಹಿಂಜರಿಯುವದುಂಟು. ಬೆಳೆವಿಮೆಯ ಹಣ ಬಂದಾಗ ನಾವು ಹಿಂಜರಿಯುವದಿಲ್ಲ. ಇದೂ ಹಾಗೆಯೇ. ಅಂದು ಮಠದ ಬಾಗಿಲಿಗೆ ಹೋಗಿ ನಿಂತರೆ ಸಾಕಾಗುತ್ತಿತ್ತು; ಇಂದು ಕಾಗದ ತೆಗೆದುಕೊಂಡು ಹೋಗಬೇಕು. ವ್ಯತ್ಯಾಸ ಇಷ್ಟೇ.

ಯಾವ ಚೀಲದಲ್ಲಿ ಏನಿದೆ

ಮಹಾರಾಷ್ಟ್ರ ಸರಕಾರದ ವಿದ್ಯಾರ್ಥಿವೇತನಗಳಿಗೆ "ಮಹಾಡಿಬಿಟಿ" ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅದರಲ್ಲಿ ನಮ್ಮ ರೈತರಿಗೆ ಬಹಳ ಉಪಯೋಗದ್ದು ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆ. ಮನೆಯ ವಾರ್ಷಿಕ ಉತ್ಪನ್ನ 8 ಲಕ್ಷ ರೂಪಾಯಿ ಮೀರದಿದ್ದು, ಸರಕಾರದ ಕೇಂದ್ರೀಯ ಪ್ರವೇಶ ಪದ್ಧತಿಯಿಂದ ವೃತ್ತಿಶಿಕ್ಷಣಕ್ಕೆ ಸೇರಿದವರಿಗೆ ಬೋಧನಾ ಶುಲ್ಕದ ಅರ್ಧ ಭಾಗ ಇದರಲ್ಲಿ ಮಾಫಿ. ಮೀಸಲು ಜಾತಿಯವರಲ್ಲದವರಿಗೂ ಇದು ಉಂಟೆಂಬುದನ್ನು ನಮ್ಮಲ್ಲಿ ಬಹಳ ಜನ ತಿಳಿದಿಲ್ಲ. 2024-25ರ ಶೈಕ್ಷಣಿಕ ವರ್ಷದಿಂದ ಹೆಣ್ಣುಮಕ್ಕಳಿಗೆ ಈ ಅರ್ಧದ ಬದಲು ಪೂರ್ಣ ಮಾಫಿ ಆಯಿತು. ಆರ್ಥಿಕವಾಗಿ ದುರ್ಬಲರು, ಇತರ ಹಿಂದುಳಿದ ವರ್ಗದವರು, ಸಾಮಾಜಿಕ ಹಾಗೂ ಶೈಕ್ಷಣಿಕವಾಗಿ ಹಿಂದುಳಿದವರು, ಈ ಮೂರೂ ಗುಂಪಿನ ಹುಡುಗಿಯರು ಅದರಲ್ಲಿ ಬರುವರು. ಮಾಫಿಯಾಗುವದು ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ. ಕಾಲೇಜು ಬೇರೆ ಹೆಸರಿನಿಂದ ಕೇಳುವ ಹಣ, ವಸತಿ, ಊಟ ನಮ್ಮ ಪಾಲಿಗೇ ಇರುವವು.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಭಾರತ ಸರಕಾರದ ಮೆಟ್ರಿಕೋತ್ತರ ವಿದ್ಯಾರ್ಥಿವೇತನ ಉಂಟು. ಮನೆಯ ಉತ್ಪನ್ನ 2.5 ಲಕ್ಷ ಮೀರಿರಬಾರದು. ಸರಕಾರಿ ವಸತಿಗೃಹದಲ್ಲಿ ಜಾಗ ಸಿಗದ ಪರಿಶಿಷ್ಟ ಜಾತಿ ಮತ್ತು ನವಬೌದ್ಧ ಮಕ್ಕಳಿಗೆ ಡಾ. ಬಾಬಾಸಾಹೇಬ ಅಂಬೇಡಕರ ಸ್ವಾಧಾರ ಯೋಜನೆಯಿಂದ ಬಾಡಿಗೆ, ಊಟದ ಹಣ ದೊರೆಯುವದು. ಅಲ್ಪಭೂಧಾರಕ ರೈತರ ಮತ್ತು ನೋಂದಾಯಿತ ಕೂಲಿಕಾರರ ಮಕ್ಕಳಿಗೆ ಡಾ. ಪಂಜಾಬರಾವ ದೇಶಮುಖರ ಹೆಸರಿನ ವಸತಿಗೃಹ ನಿರ್ವಾಹ ಭತ್ತೆ ಇರುವದು. ಇದು ನೇರವಾಗಿ ನಮ್ಮ ಸಾತಬಾರಾ ಉತಾರೆಗೆ ಸಂಬಂಧಿಸಿದ್ದು. ಹೊಲ ಕಡಿಮೆ ಇರುವದೇ ಇಲ್ಲಿ ಅರ್ಹತೆ.

ಕೇಂದ್ರ ಸರಕಾರದ ವಿದ್ಯಾರ್ಥಿವೇತನಗಳು "ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್" ಎಂಬ ಇನ್ನೊಂದು ಜಾಲತಾಣದಲ್ಲಿವೆ. ಹನ್ನೆರಡನೆಯ ಇಯತ್ತೆಯಲ್ಲಿ ತಮ್ಮ ಶಾಖೆಯಲ್ಲಿ ಪಾಸಾದ ನೂರು ಮಂದಿಯೊಳಗೆ ಮೊದಲಿನ ಇಪ್ಪತ್ತರಲ್ಲಿ ಬಂದವರು, ಮನೆಯ ಉತ್ಪನ್ನ 4.5 ಲಕ್ಷ ಮೀರದವರು ಅಲ್ಲಿ ಅರ್ಜಿ ಹಾಕಬಹುದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ ವರ್ಷಕ್ಕೆ 20,000 ರೂಪಾಯಿ. ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಇದು ಸಾದಾ ಬಿಎ, ಬಿಎಸ್ಸಿ ಓದುವವರಿಗೂ ಸಿಗುವದು. ಆದರೆ ಬೇರೆ ವಿದ್ಯಾರ್ಥಿವೇತನವಾಗಲಿ ಫೀ ಮಾಫಿಯಾಗಲಿ ಪಡೆಯುವವರಿಗೆ ಇದು ಸಿಗದು. ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕು.

ಈ ಮಿತಿಗಳು ಆಗಾಗ ಬದಲಾಗುವವು. ಅರ್ಜಿ ಹಾಕುವ ವರ್ಷದ ಸೂಚನೆಯನ್ನು ಕಾಲೇಜಿನ ಫಲಕದಲ್ಲಿ ಓದಿಯೇ ಮುಂದುವರಿಯಿರಿ. ಏಜೆಂಟರ ಮಾತಿನ ಮೇಲೆ ಹೋಗಬೇಡಿರಿ.

ಗಡಿ ದಾಟುವ ಮೊದಲು

ಇನ್ನು ನಮ್ಮಂಥ ಗಡಿಯವರಿಗೇ ಇರುವ ತೊಡಕಿನ ವಿಷಯ. ನಮ್ಮ ಮಾತು ಕನ್ನಡ, ಬೀಗರು ವಿಜಯಪುರ, ಇಂಡಿ, ಅಥಣಿಯ ಕಡೆಯವರು. ಮಗಳನ್ನು ಆ ಕಡೆ ಓದಿಸಿದರೆ ಅತ್ತೆಯ ಮನೆಯಲ್ಲಿ ಇರಬಹುದು, ಭಾಷೆಯ ತೊಂದರೆ ಇರದು ಎಂದು ನಾವೆಲ್ಲ ಎಣಿಸುವೆವು. ಎಣಿಕೆ ತಪ್ಪಲ್ಲ. ಆದರೆ ಹಣದ ಚೀಲಕ್ಕೆ ಗಡಿ ಉಂಟು.

ಶಾಹು ಮಹಾರಾಜ ಯೋಜನೆಯ ಮಾಫಿಯು ಮಹಾರಾಷ್ಟ್ರದ ಕಾಲೇಜಿನಲ್ಲಿ, ಮಹಾರಾಷ್ಟ್ರದ ಕೇಂದ್ರೀಯ ಪ್ರವೇಶದಿಂದ ಸೇರಿದವರಿಗೆ. ಗಡಿ ದಾಟಿದರೆ ಅದು ನಮ್ಮ ಹಿಂದೆ ಬರದು. ಕರ್ನಾಟಕ ಸರಕಾರವು 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿಯ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ನಮ್ಮಲ್ಲಿ ಹಲವರು ಆಸೆಪಟ್ಟರು. ಅದು ಕರ್ನಾಟಕದ ರೈತರ ಮಕ್ಕಳಿಗಾಗಿ ಮಾಡಿದ್ದು. ಹೀಗೆ ಒಂದು ಸರಕಾರದ ನೆರವು ಬಿಟ್ಟು, ಇನ್ನೊಂದು ಸರಕಾರದ ನೆರವು ಸಿಗದೆ, ನಡುವೆ ನಿಂತವರು ಉಂಟು. ಒಂದು ರಾಜ್ಯದ ಜಾತಿ ದಾಖಲೆಯ ಮೇಲೆ ಇನ್ನೊಂದು ರಾಜ್ಯದ ಮೀಸಲು ಸಾಮಾನ್ಯವಾಗಿ ಸಿಗುವದಿಲ್ಲ ಎಂಬುದನ್ನೂ ನೆನಪಿಡಬೇಕು.

ಹಾಗೆಂದು ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಕರ್ನಾಟಕದ ಸಿಇಟಿ ಪ್ರವೇಶದ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಒಂದು ಕಲಮು ಇದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಹೆಸರು ಅದರಲ್ಲಿ ಬಂದಿದೆ. ಕಾಸರಗೋಡಿನ ಕಡೆಯವರಿಗೂ ಅದು ಅನ್ವಯಿಸುವದು. ಕನ್ನಡ ಭಾಷೆಯ ಒಂದು ಪರೀಕ್ಷೆ ಬರೆಯಬೇಕು, ಈ ಭಾಗದಲ್ಲಿ ಓದಿದ ವರ್ಷಗಳ ದಾಖಲೆ ಒದಗಿಸಬೇಕು. ಈ ದಾರಿಯಿಂದ ಸರಕಾರಿ ಸೀಟು ಸಿಕ್ಕರೆ ಅದರ ಫೀಯನ್ನು ಈ ಕಡೆಯ ಖರ್ಚಿನೊಡನೆ ತೂಗಿ ನೋಡುವದು ಯೋಗ್ಯ. ಆದರೆ ಏಜೆಂಟನು ಫೋನಿನಲ್ಲಿ ಹೇಳುವ ಸೀಟು ಬೇರೆ, ಸಿಇಟಿಯ ಸೀಟು ಬೇರೆ. ಅವನ ಸೀಟಿಗೆ ಯಾವ ಸರಕಾರದ ಮಾಫಿಯೂ ಬರದು.

ಪರಿಶಿಷ್ಟ ಜಾತಿಯ ಮಕ್ಕಳ ವಿಷಯ ಸ್ವಲ್ಪ ಬೇರೆ. ಭಾರತ ಸರಕಾರದ ಮೆಟ್ರಿಕೋತ್ತರ ವಿದ್ಯಾರ್ಥಿವೇತನವನ್ನು ಹುಡುಗನ ಸ್ವಂತ ರಾಜ್ಯವು ಕೊಡುವದು; ಪರರಾಜ್ಯದಲ್ಲಿ ಓದಿದರೂ ಹಕ್ಕು ಹೋಗದು. ಅಂಥವರು ಸಮಾಜ ಕಲ್ಯಾಣ ಕಚೇರಿಗೆ ಹೋಗಿ ಪ್ರವೇಶದ ಮೊದಲೇ ವಿಚಾರಿಸಿರಿ.

ಕೃಷಿ ಪದವಿ ಓದಬೇಕೆನ್ನುವ ರೈತರ ಮಕ್ಕಳಿಗೆ ಇನ್ನೊಂದು ಮಾರ್ಗವಿದೆ. ಕೃಷಿ ವಿಶ್ವವಿದ್ಯಾಲಯಗಳ ಸೀಟುಗಳಲ್ಲಿ ಒಂದು ಪಾಲನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಅಖಿಲ ಭಾರತ ಪರೀಕ್ಷೆಯಿಂದ ತುಂಬುವದು. ಅದರಿಂದ ತಮ್ಮ ರಾಜ್ಯ ಬಿಟ್ಟು ಪರರಾಜ್ಯದಲ್ಲಿ ಸೇರಿದವರಿಗೆ ತಿಂಗಳ ವಿದ್ಯಾರ್ಥಿವೇತನ ಉಂಟು. ನಮ್ಮ ಹುಡುಗ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಈ ದಾರಿಯಿಂದ ಹೋದರೆ ಗಡಿ ದಾಟುವದೇ ಅವನಿಗೆ ಲಾಭವಾಗುವದು.

ಸಾಲದ ಲೆಕ್ಕ

ಕಾಕಾ ಅವರ ಎದುರಿಗೆ ಕುಳಿತು ಅಂದು ಮಾಡಿದ ಲೆಕ್ಕವನ್ನು ಇಲ್ಲಿ ಕೊಡುವೆನು. ಬೋಧನಾ ಶುಲ್ಕ ವರ್ಷಕ್ಕೆ 80,000, ವಸತಿ ಊಟಕ್ಕೆ 60,000, ಪುಸ್ತಕ, ಬಸ್ಸು, ಇತರೆ 20,000 ಎಂದು ಹಿಡಿದೆವು. ಒಟ್ಟು 1,60,000. ನಾಲ್ಕು ವರ್ಷಕ್ಕೆ 6,40,000 ರೂಪಾಯಿ. ಇಷ್ಟು ನೋಡಿದರೆ ಯಾರಿಗಾದರೂ ಹೊಲವೇ ನೆನಪಾಗುವದು. ಬೋಧನಾ ಶುಲ್ಕ ಪೂರ್ತಿ ಮಾಫಿಯಾದರೆ ಉಳಿಯುವದು ವರ್ಷಕ್ಕೆ 80,000. ನಾಲ್ಕು ವರ್ಷಕ್ಕೆ 3,20,000. ಇದು ಬ್ಯಾಂಕಿನ ಶಿಕ್ಷಣ ಸಾಲದಿಂದ ಆಗುವ ಕೆಲಸ.

ಶಿಕ್ಷಣ ಸಾಲದ ನಿಯಮಗಳನ್ನು ಪ್ರತಿಯೊಬ್ಬ ಪಾಲಕನೂ ತಿಳಿದಿರಬೇಕು. 4 ಲಕ್ಷದವರೆಗಿನ ಸಾಲಕ್ಕೆ ಹೊಲ, ಮನೆ ಒತ್ತೆ ಇಡುವ ಕಾರಣವಿಲ್ಲ. ನಮ್ಮ ಕೈಯಿಂದ ಪಾಲು ಹಾಕುವದೂ ಬೇಕಿಲ್ಲ. 2015ರಲ್ಲಿ ಬಂದ ಕೇಂದ್ರದ ಖಾತರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಒತ್ತೆಯಾಗಲಿ ಮೂರನೆಯವರ ಜಾಮೀನಾಗಲಿ ಇಲ್ಲದೆ ಸಾಲ ಕೊಡಲು ಆಸ್ಪದವಿದೆ. ತಂದೆ ಅಥವಾ ತಾಯಿ ಜೊತೆಗೆ ಸಹಿ ಮಾಡಬೇಕು. ಓದುವ ಕಾಲದಲ್ಲಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟುವದಿಲ್ಲ. ಆ ಕಾಲಕ್ಕೆ ಸರಳ ಬಡ್ಡಿ. "ನಿಮ್ಮ ಊರು ನಮ್ಮ ಶಾಖೆಯ ಕ್ಷೇತ್ರದಲ್ಲಿಲ್ಲ" ಎಂಬ ಕಾರಣದಿಂದ ಅರ್ಜಿ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು ತಿಳಿಸಿದೆ. ಒಂದು ಶಾಖೆಯಲ್ಲಿ ಕಾಕಾ ಅವರಿಗೆ ಮೊದಲು ಉತಾರೆ ತಂದು ಒತ್ತೆ ಇಡಿರಿ ಎಂದರು. ನಿಯಮದ ಕಾಗದ ತೋರಿಸಿ, ಇಲ್ಲವೆಂದರೆ ಕಾರಣವನ್ನು ಬರೆದುಕೊಡಿರಿ ಎಂದು ವಿನಯದಿಂದ ಕೇಳಿದ ಮೇಲೆ ಅರ್ಜಿ ಮುಂದೆ ಸಾಗಿತು. ಜಗಳಾಡುವದು ಬೇಡ, ಬರೆದುಕೊಡಿರಿ ಎಂದರೆ ಸಾಕು.

ಈಗ ಬಡ್ಡಿಯ ತುಲನೆ. ವರ್ಷಕ್ಕೆ 80,000ದಂತೆ ನಾಲ್ಕು ಸಲ ತೆಗೆದ ಸಾಲಕ್ಕೆ, ಶೇಕಡಾ 10 ಬಡ್ಡಿ ಹಿಡಿದರೆ, ಕಂತು ಆರಂಭವಾಗುವ ಹೊತ್ತಿಗೆ ಐದು ವರ್ಷದಲ್ಲಿ 1,12,000 ರೂಪಾಯಿ ಬಡ್ಡಿ ಆಗುವದು. ಅಸಲು ಬಡ್ಡಿ ಕೂಡಿ 4,32,000. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 5,700 ರೂಪಾಯಿ ಕಂತು. ಮಗಳು ನೌಕರಿಗೆ ಹತ್ತಿದ ಮೇಲೆ ಕಟ್ಟುವಂಥದ್ದು. ಇದೇ ಹಣವನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಸಾವಕಾರರಲ್ಲಿ ತಂದರೆ ವರ್ಷಕ್ಕೆ ಶೇಕಡಾ 36 ಆಯಿತು. ಐದು ವರ್ಷಕ್ಕೆ ಬಡ್ಡಿಯೇ 4,03,200. ಅಸಲು ಹಾಗೆಯೇ ನಿಂತಿರುವದು. ಪರವಾನಗಿ ಇಲ್ಲದ ಸಾವಕಾರಿಯು 2014ರ ಮಹಾರಾಷ್ಟ್ರ ಕಾಯ್ದೆಯಂತೆ ಅಪರಾಧವೆಂಬುದೂ ತಿಳಿದಿರಲಿ.

ಬಡ್ಡಿಯ ಭಾರ ಇಳಿಸುವ ಯೋಜನೆಗಳೂ ಉಂಟು. ಮನೆಯ ಉತ್ಪನ್ನ 4.5 ಲಕ್ಷ ಮೀರದವರು ಮಾನ್ಯತೆ ಪಡೆದ ಕಾಲೇಜಿನಲ್ಲಿ ವೃತ್ತಿಶಿಕ್ಷಣ ಓದಿದರೆ, ಓದುವ ಕಾಲ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರ ತುಂಬುವ ಯೋಜನೆ 2009ರಿಂದ ಇದೆ. 2024ರ ನವೆಂಬರದಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. ಆಗ 860 ಉತ್ತಮ ಸಂಸ್ಥೆಗಳನ್ನು ಅದರಲ್ಲಿ ಸೇರಿಸಿದ್ದರು. ಆ ಪಟ್ಟಿಯಲ್ಲಿದ್ದ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಒತ್ತೆ, ಜಾಮೀನು ಇಲ್ಲದೆ ಸಾಲ. ಉತ್ಪನ್ನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ರಿಯಾಯತಿ. ಒಂದು ಸರಕಾರಿ ನೆರವು ಪಡೆದವರಿಗೆ ಇನ್ನೊಂದು ಕೊಡದಿರುವದುಂಟು; ಆದುದರಿಂದ ಯಾವುದು ಹೆಚ್ಚು ಲಾಭವೆಂದು ಮೊದಲೇ ತೂಗಬೇಕು.

ಬೆಳೆಸಾಲದ ಹಣವನ್ನು ಮಾತ್ರ ಕಾಲೇಜಿಗೆ ತುಂಬಬೇಡಿರಿ. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷದವರೆಗಿನ ಬೆಳೆಸಾಲವನ್ನು ವೇಳೆಗೆ ಸರಿಯಾಗಿ ತುಂಬಿದವರಿಗೆ ಬಡ್ಡಿ ಶೇಕಡಾ 4ಕ್ಕೆ ಇಳಿಯುವದು. ಫೀಗೆ ಕೊಟ್ಟ ಹಣ ವರ್ಷದೊಳಗೆ ಹೊಲದಿಂದ ತಿರುಗಿ ಬರದು. ವಾಯಿದೆ ತಪ್ಪುವದು, ರಿಯಾಯತಿ ಹೋಗುವದು, ಮುಂದಿನ ಬಿತ್ತಿಗೆಗೆ ಸಾಲ ಸಿಗದು.

ನನ್ನ ಕೈಬರಹದ ತಪ್ಪು

ಇಷ್ಟೆಲ್ಲ ಹಣ ಇದ್ದರೂ ನಮ್ಮವರಿಗೆ ಏಕೆ ಮುಟ್ಟುವದಿಲ್ಲ? ಅದನ್ನು ಹೇಳಲು ನನ್ನದೇ ಒಂದು ತಪ್ಪನ್ನು ಒಪ್ಪಬೇಕಾಗಿದೆ.

ಎಂಟನೆಯ ಇಯತ್ತೆಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇರುವದು. ಮಹಾರಾಷ್ಟ್ರದಲ್ಲಿ ಇದನ್ನು ಕನ್ನಡದಲ್ಲಿಯೂ ಬರೆಯಬಹುದು. ಸರಕಾರಿ, ಅನುದಾನಿತ ಶಾಲೆಯಲ್ಲಿ ಓದುವ, ಪಾಲಕರ ಉತ್ಪನ್ನ 3.5 ಲಕ್ಷ ಮೀರದ ಮಕ್ಕಳಿಗೆ ಇದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000 ರೂಪಾಯಿ. ಕಾಲೇಜಿನ ಹೊಸ್ತಿಲಿಗೆ ಬರುವ ಹೊತ್ತಿಗೆ ಕೈಯಲ್ಲಿ ಇಷ್ಟು ಹಣ ಇರುವದು ಸಣ್ಣ ಮಾತಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗ, ಕುರಿ ಸಾಕುವವರ ಮನೆಯವನು, ಈ ಪರೀಕ್ಷೆಯಲ್ಲಿ ಆಯ್ಕೆಯಾದನು. ನಾವೆಲ್ಲ ಪೇಡೆ ಹಂಚಿದೆವು. ಜಾಲತಾಣದಲ್ಲಿ ಅರ್ಜಿ ತುಂಬಲು ಕುಳಿತಾಗ ಅವನ ಆಧಾರ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ರಜಿಸ್ಟರಿನಲ್ಲಿ ಇನ್ನೊಂದು. ಮನೆಯಲ್ಲಿ ಕರೆಯುವ ಹೆಸರನ್ನೇ ರಜಿಸ್ಟರಿನಲ್ಲಿ ಬರೆದಿತ್ತು. ಮನೆತನದ ಹೆಸರೂ ತಪ್ಪಿತ್ತು. ಒಂದನೆಯ ಇಯತ್ತೆಗೆ ಹೆಸರು ಹಚ್ಚುವಾಗ ಬರೆದವನು ನಾನು. ಅಂದು ತಂದೆ ಹೇಳಿದ್ದನ್ನು ಕೇಳಿ ಬರೆದೆ, ಒಂದು ಕಾಗದವನ್ನೂ ನೋಡಲಿಲ್ಲ. ತಿದ್ದುಪಡಿಗೆ ಕಚೇರಿಯಿಂದ ಕಚೇರಿಗೆ ತಿರುಗುವಷ್ಟರಲ್ಲಿ ಮುದತು ಮುಗಿಯಿತು. ಹುಡುಗನ 48,000 ರೂಪಾಯಿ ಹೋಯಿತು. ಹನ್ನೆರಡನೆಯದಾದ ಮೇಲೆ ಅವನು ಮುಂದೆ ಓದಲಿಲ್ಲ; ಬೇದಾಣೆ ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆ. ದಾರಿಯಲ್ಲಿ ಕಂಡಾಗ ಇಂದಿಗೂ "ನಮಸ್ಕಾರ್ರಿ ಸರ" ಎನ್ನುವನು. ನಾನು ಅವನ ಮುಖ ನೋಡಿ ಬಹಳ ಹೊತ್ತು ನಿಲ್ಲಲಾರೆ.

ಗಡಿಭಾಗದಲ್ಲಿ ಈ ತಪ್ಪು ಹೆಚ್ಚು. ಕನ್ನಡದಲ್ಲಿ ಶಿವಪ್ಪ ಎಂದು ಬರೆದದ್ದು ಮರಾಠಿಯಲ್ಲಿ ಶಿವಾಪ್ಪಾ ಆಗುವದು, ಇಂಗ್ಲಿಷಿನಲ್ಲಿ ಮೂರನೆಯ ರೂಪ ತಾಳುವದು. ಒಂದರಲ್ಲಿ ಮನೆತನದ ಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಜಾತಿಯ ಹೆಸರೂ ಅಷ್ಟೇ; ಅಜ್ಜನ ಶಾಲೆಯ ದಾಖಲೆಯಲ್ಲಿ ಕನ್ನಡದ ಹೆಸರು, ಸರಕಾರದ ಪಟ್ಟಿಯಲ್ಲಿ ಮರಾಠಿಯ ಹೆಸರು. ಇದನ್ನೆಲ್ಲ ಸರಿಪಡಿಸಬಹುದು. ಆದರೆ ಪ್ರವೇಶದ ಹದಿನೈದು ದಿವಸದಲ್ಲಿ ಸರಿಪಡಿಸಲಾಗದು.

ಹಬ್ಬದಿಂದ ಹಬ್ಬಕ್ಕೆ ಕೆಲಸ

ರೋಹಿಣಿ ಮಳೆ ಬಿದ್ದ ಮೇಲೆ ಬೀಜ ಹುಡುಕಲು ಹೊರಟವನನ್ನು ನಾವು ಒಕ್ಕಲಿಗನೆನ್ನುವದಿಲ್ಲ. ಕೂರಿಗೆ, ಬೀಜ ಮನೆಯಲ್ಲಿ ಮೊದಲೇ ಸಿದ್ಧವಾಗಿರಬೇಕು. ಕಾಲೇಜಿನ ಹಣಕ್ಕೂ ಇದೇ ನ್ಯಾಯ. ನಮಗೆ ನೆನಪಿರುವ ಹಬ್ಬಗಳ ಮೇಲೆಯೇ ಕೆಲಸ ಹಂಚಿ ಹೇಳುವೆನು.

ಮಗು ಹನ್ನೊಂದನೆಯ ಇಯತ್ತೆಯಲ್ಲಿದ್ದಾಗಿನ ಎಳ್ಳಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಟ್ರಂಕಿನ ಕಾಗದಗಳನ್ನು ಹೊರಗೆ ತೆಗೆಯಿರಿ. ಆಧಾರ, ಶಾಲೆ ಬಿಟ್ಟ ದಾಖಲೆ, ಹತ್ತನೆಯ ಇಯತ್ತೆಯ ಗುಣಪತ್ರಿಕೆ, ಬ್ಯಾಂಕಿನ ಪುಸ್ತಕ, ಈ ನಾಲ್ಕರಲ್ಲಿ ಹೆಸರು, ಹುಟ್ಟಿದ ತಾರೀಖು ಒಂದೇ ಇವೆಯೇ ನೋಡಿರಿ. ಮೀಸಲು ವರ್ಗದವರಿಗೆ ಜಾತಿ ದಾಖಲೆಯ ಜೊತೆಗೆ ಜಾತಿ ಪಡತಾಳಣಿಯ ಪ್ರಮಾಣಪತ್ರವೂ ಬೇಕು. ಅದಕ್ಕೆ ಪರಿಶಿಷ್ಟ ಜಾತಿಯವರು 1950ರ, ವಿಮುಕ್ತ ಮತ್ತು ಅಲೆಮಾರಿ ಜಾತಿಯವರು 1961ರ, ಇತರ ಹಿಂದುಳಿದವರು 1967ರ ಹಿಂದಿನ ಪುರಾವೆ ಒದಗಿಸಬೇಕಾಗುವದು. ಅಂದರೆ ಅಜ್ಜ, ಮುತ್ತಜ್ಜರ ಶಾಲೆಯ ನೋಂದಣಿ ಅಥವಾ ಹಳೆಯ ಜಮೀನಿನ ಕಾಗದ ಹುಡುಕಬೇಕು. ಇದಕ್ಕೆ ತಿಂಗಳುಗಳು ಹಿಡಿಯುವವು.

ಹನ್ನೆರಡನೆಯ ಇಯತ್ತೆಯ ಪರೀಕ್ಷೆ ಮುಗಿದ ಮೇಲಿನ ಯುಗಾದಿ. ಉತ್ಪನ್ನದ ದಾಖಲೆಯ ಅವಧಿ ಮಾರ್ಚ್ 31ಕ್ಕೆ ಮುಗಿಯುವದು. ಆದುದರಿಂದ ಏಪ್ರಿಲ್ ಬಂದ ಕೂಡಲೆ ತಲಾಠಿಯವರ ವರದಿ ಪಡೆದು, ಆಪಲೇ ಸರಕಾರ ಸೇವಾ ಕೇಂದ್ರದಲ್ಲಿ ಹೊಸ ದಾಖಲೆಗೆ ಅರ್ಜಿ ಕೊಡಿರಿ. ಅಧಿವಾಸದ ದಾಖಲೆ ಇರದಿದ್ದರೆ ಅದನ್ನೂ, ಹಿಂದುಳಿದ ವರ್ಗದವರು ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರವನ್ನೂ ಇದೇ ವೇಳೆಗೆ ತೆಗೆಸಿರಿ.

ಕಾರಹುಣ್ಣಿಮೆ. ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವ ಹೊತ್ತಿಗೆ ಪ್ರವೇಶದ ಸುದ್ದಿ ಆರಂಭವಾಗುವದು. ಕೇಂದ್ರೀಯ ಪ್ರವೇಶದ ನೋಂದಣಿಯ ಕೊನೆಯ ತಾರೀಖನ್ನು ಗೋಡೆಯ ಮೇಲೆ ಬರೆದಿಡಿರಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ ಜೋಡಣೆ ಆಗಿದೆಯೇ ಶಾಖೆಯಲ್ಲಿ ಕೇಳಿರಿ. ಎರಡು ಮೂರು ಖಾತೆಗಳಿದ್ದರೆ ಕೊನೆಗೆ ಯಾವುದಕ್ಕೆ ಜೋಡಣೆಯಾಗಿದೆಯೋ ಅದಕ್ಕೇ ಸರಕಾರದ ಹಣ ಹೋಗುವದು. ಬಂದ ಹಣ ಹಳೆಯ, ಮರೆತ ಖಾತೆಯಲ್ಲಿ ಬಿದ್ದಿರುವದನ್ನು ನಾನು ಕಂಡಿದ್ದೇನೆ.

ನಾಗಪಂಚಮಿ. ಪ್ರವೇಶವಾದ ಕೂಡಲೆ ಬ್ಯಾಂಕಿಗೆ ಸಾಲದ ಅರ್ಜಿ, ಜಾಲತಾಣದಲ್ಲಿ ವಿದ್ಯಾರ್ಥಿವೇತನದ ಅರ್ಜಿ. ಅರ್ಜಿಯ ಪ್ರತಿಯನ್ನು ತೆಗೆದಿಡಿರಿ.

ದಸರೆ. ಅರ್ಜಿ ಹಾಕಿದರೆ ಕೆಲಸ ಮುಗಿಯಿತೆಂದು ಕೂಡ್ರಬೇಡಿರಿ. ಕಾಲೇಜಿನ ಕಾರಕೂನರು ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಮುಂದೆ ಹೋಯಿತೇ, ತಿದ್ದುಪಡಿಗೆ ತಿರುಗಿ ಬಂದಿತೇ ಎಂದು ಮಗು ವಾರಕ್ಕೊಮ್ಮೆ ನೋಡುತ್ತಿರಬೇಕು. ಬಿತ್ತಿದ ಮೇಲೆ ಹೊಲಕ್ಕೆ ಹೋಗದಿದ್ದರೆ ಹಕ್ಕಿ ತಿನ್ನುವವು.

ಹತ್ತು ವರ್ಷದೊಳಗಿನ ಹೆಣ್ಣುಮಗು ಇರುವ ಮನೆಯವರಿಗೆ ಇನ್ನೊಂದು ಮಾತು. ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆಯನ್ನು ವರ್ಷಕ್ಕೆ 250 ರೂಪಾಯಿ ತುಂಬಿಯೂ ನಡೆಸಬಹುದು. ಮಗಳು ಹತ್ತನೆಯ ಇಯತ್ತೆ ಪಾಸಾದ ಮೇಲೆ ಅಥವಾ 18 ವರ್ಷ ತುಂಬಿದ ಮೇಲೆ ಓದಿನ ಖರ್ಚಿಗೆ ಅದರ ಅರ್ಧದವರೆಗೆ ತೆಗೆಯಬಹುದು. ಪ್ರತಿ ಸುಗ್ಗಿಗೆ ಒಂದು ಚೀಲ ಜೋಳದ ಹಣ ಅದಕ್ಕೆಂದು ಎತ್ತಿಟ್ಟರೆ ಬೀಜದ ಕಾಳು ಮನೆಯಲ್ಲಿಯೇ ಇದ್ದಂತೆ.

ಹುಡುಗರಿಗೂ ಒಂದು ಮಾತು ಹೇಳಬೇಕು. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ದುಡಿದು ಕಲಿಯುವ ವಿದ್ಯಾರ್ಥಿಭವನ ಇದೆ. ತಂದೆ ಬಿಸಿಲಲ್ಲಿ ನಿಂತು ದುಡಿಯುವಾಗ ಮಗ ದಿನಕ್ಕೆ ಎರಡು ತಾಸು ಗ್ರಂಥಾಲಯದಲ್ಲೋ ತೋಟದಲ್ಲೋ ಕೆಲಸ ಮಾಡಿದರೆ ಮಾನಕ್ಕೆ ಕೊರತೆ ಬರದು.

ಬೇರೆ ಗಡಿಗಳ ಬಂಧುಗಳಿಗೆ

ಮೇಲೆ ಹೇಳಿದ ಕೇಂದ್ರದ ವಿದ್ಯಾರ್ಥಿವೇತನ, ಶಿಕ್ಷಣ ಸಾಲ, ಎನ್‌ಎಂಎಂಎಸ್ ಎಲ್ಲ ರಾಜ್ಯಗಳಿಗೂ ಒಂದೇ. ರಾಜ್ಯದ ಚೀಲ ಮಾತ್ರ ಬೇರೆ ಬೇರೆ. ಕಾಸರಗೋಡು, ವಯನಾಡಿನವರು ಕೇರಳ ಸರಕಾರದ ಇ-ಗ್ರಾಂಟ್ಸ್ ವಿಷಯ ಕೇಳಿ ತಿಳಿಯಬೇಕು. ತಾಳವಾಡಿ, ಹೊಸೂರು, ನೀಲಗಿರಿಯ ಸರಕಾರಿ ಶಾಲೆಗಳಲ್ಲಿ ಆರರಿಂದ ಹನ್ನೆರಡರವರೆಗೆ ಓದಿದ ಹುಡುಗಿಯರು ಕಾಲೇಜಿಗೆ ಹೋದರೆ ತಿಂಗಳಿಗೆ 1,000 ರೂಪಾಯಿ ಕೊಡುವ "ಪುದುಮೈ ಪೆಣ್" ಯೋಜನೆಯನ್ನು ತಮಿಳುನಾಡು ಸರಕಾರ 2022ರಲ್ಲಿ ಆರಂಭಿಸಿತು. ಆದವಾನಿ, ರಾಯದುರ್ಗ, ಮಡಕಶಿರಾದವರೂ ತಮ್ಮ ರಾಜ್ಯದ ಸೂಚನೆ ನೋಡಿ, ಗಡಿ ದಾಟಿದರೆ ಏನು ಸಿಗುವದು, ಏನು ತಪ್ಪುವದು ಎಂದು ಎರಡೂ ಕಡೆಯ ಲೆಕ್ಕ ಬರೆದು ನೋಡಿರಿ.

ಕಾಕಾ ಅವರ ಮಗಳಿಗೆ ಶ್ರಾವಣದಲ್ಲಿ ಈ ಕಡೆಯ ಒಂದು ಕಾಲೇಜಿನಲ್ಲಿ ಕೇಂದ್ರೀಯ ಪ್ರವೇಶದಿಂದಲೇ ಸೀಟು ದೊರೆಯಿತು. ಉತ್ಪನ್ನದ ದಾಖಲೆ ಬರುವವರೆಗೆ ಮನೆಯವರೆಲ್ಲರ ಜೀವ ಕೈಯಲ್ಲಿತ್ತು. ತಾಯಿ ಮಾತ್ರ ಮಗಳು ಅಕ್ಕನ ಊರಿಗೆ ಹೋಗಲಿಲ್ಲವೆಂದು ಇನ್ನೂ ಮರುಗುವಳು. ಮೊದಲ ತಿಂಗಳು ಮರಾಠಿ, ಇಂಗ್ಲಿಷ್ ಎರಡೂ ಕಷ್ಟವಾಗಿ ಹುಡುಗಿಯೂ ಅತ್ತಳಂತೆ. ಈಗ ಹೊಂದಿಕೊಂಡಿದ್ದಾಳೆ. ಇಸಾರ ತಂದವರನ್ನು ಕಾಕಾ ಚಹಾ ಕುಡಿಸಿ ಕಳಿಸಿದರು.

ಕೆರೆಯ ಬದಿಯ ಎರಡು ಎಕರೆಯಲ್ಲಿ ಆ ಹಿಂಗಾರಿಗೆ ಜೋಳ ಬಿತ್ತಿದರು. ಹೊಲ ಮಾರುವದು ಕೊನೆಯ ಉಪಾಯವಾಗಲಿ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು ಇಷ್ಟು ಇವೆ. ಈ ಯುಗಾದಿಗೆ ನಿಮ್ಮ ಮನೆಯ ಟ್ರಂಕು ತೆಗೆಯಿರಿ. ತಿಳಿಯದಿದ್ದರೆ ನಿಮ್ಮ ಊರಿನ ಶಾಲೆಯ ಮಾಸ್ತರರನ್ನು ಕೇಳಿರಿ. ಹೇಳಿಕೊಡುವದು ನಮ್ಮ ಕೆಲಸವೇ ಆಗಿದೆ.